ಮನೆಯವರಿಗೆ ಗೊತ್ತಿದೆ

ಸಾಂತಾಕ್ರೂಜ್ ಪೂರ್ವ, ಮುಂಬೈ
ಬುಧವಾರ, 11 ಡಿಸೆಂಬರ್ 2024

ಅಮ್ಮನಿಗೆ ಶ್ರಾವ್ಯಾಳ ನಮಸ್ಕಾರ.

‘ಪ್ರೀತಿಯ’ ಎಂದು ಶುರು ಮಾಡಲು ಹೋದೆ, ಪೆನ್ನು ಮುಂದಕ್ಕೆ ಹೋಗಲಿಲ್ಲ. ಬರೆದರೆ ಸುಳ್ಳಾಗುತ್ತದೆ ಎಂದಲ್ಲ. ಇವತ್ತು ಆ ಪದವನ್ನು ನಿನಗೆ ಕೊಡಲು ಮನಸ್ಸಿಲ್ಲ, ಅಷ್ಟೆ.

ಒಂದೇ ಸ್ಟೇಷನ್ ಆಚೆ ಪಾರ್ಲೆಯಲ್ಲಿರುವ ಅಮ್ಮನಿಗೆ ಮಗಳು ಪತ್ರ ಬರೆಯುವುದುಂಟೇ ಎಂದು ನಿನಗೆ ಅನಿಸಬಹುದು. ಫೋನ್ ಮಾಡಿದರೆ ನೀನು ಅಳುತ್ತೀ. ನೀನು ಅತ್ತರೆ ನಾನೇ ಸಮಾಧಾನ ಮಾಡಬೇಕು, ಹೇಳಬೇಕಾದ್ದು ಹೊಟ್ಟೆಯಲ್ಲೇ ಉಳಿಯುತ್ತದೆ. ವಾಟ್ಸಪ್ಪಿನಲ್ಲಿ ಕಳಿಸೋಣವೆಂದರೆ ನಿನ್ನ ಫೋನು ಅರ್ಧ ದಿನ ತಮ್ಮ ಪ್ರೀತಮ್‌ನ ಕೈಯಲ್ಲಿರುತ್ತದೆ. ಇದು ನೀನೊಬ್ಬಳೇ ಓದಬೇಕಾದದ್ದು.

ಭಾನುವಾರ ಏನಾಯಿತು ಎಂಬುದನ್ನು ನೀನು ಪೂರ್ತಿ ಕೇಳಿಯೇ ಇಲ್ಲ. ಕೇಳು.

ಫೋರ್ಟ್ ಏರಿಯಾದ ಆಫೀಸುಗಳಿಗೆ ಭಾನುವಾರ ರಜೆಯಾದ್ದರಿಂದ ನಿನ್ನ ಅಳಿಯ ಅಕ್ಷಯ ಅವರ ಅಲ್ಲಿನ ಹೋಟೆಲ್ಲಿಗೂ ರಜೆ. ಮರುದಿನ ಬೆಳಗ್ಗೆ ತಾರ್ಕರ್ಲಿಗೆ ರೈಲು. ಊಟ ಮುಗಿಸಿ ನಾವಿಬ್ಬರೂ ಮಂಚದ ಮೇಲೆ ಬ್ಯಾಗುಗಳನ್ನು ತೆರೆದಿಟ್ಟುಕೊಂಡು ಕೂತೆವು. ಅವರಿಗೆ ಎಷ್ಟು ಖುಷಿ ಇತ್ತೆಂದರೆ, ಮೊಬೈಲು ಒದ್ದೆಯಾಗದಂತೆ ಹಾಕುವ ಪ್ಲಾಸ್ಟಿಕ್ ಚೀಲ ತಂದು, ಸರಿಯಿದೆಯೇ ಎಂದು ನೋಡಲು ಅದನ್ನು ಬಕೆಟ್ಟಿನಲ್ಲಿ ಮುಳುಗಿಸಿ ಕೂತಿದ್ದರು. ಮುಂಬೈಯಲ್ಲೇ ಹುಟ್ಟಿ ಬೆಳೆದರೂ ಸಮುದ್ರವೆಂದರೆ ಜುಹೂವಿನ ಜನಜಾತ್ರೆ, ಇಲ್ಲವೇ ಮರೀನ್ ಡ್ರೈವಿನ ಕಟ್ಟೆ, ಅಷ್ಟೇ ಅವರು ಕಂಡದ್ದು. ತಾರ್ಕರ್ಲಿಯಲ್ಲಿ ಬೆನ್ನಿಗೆ ಆಕ್ಸಿಜನ್ ಕಟ್ಟಿಕೊಂಡು ನೀರಿನಡಿಗೆ ಇಳಿಯಬಹುದಂತೆ. ಹಳದಿ ಮೀನುಗಳು ಮುಖದ ಎದುರೇ ಹಾದು ಹೋಗುವ ವೀಡಿಯೊವನ್ನು ನನಗೆ ಎಷ್ಟು ಸಲ ತೋರಿಸಿದರೋ. ಜೋಡಿಯಾಗಿ ಇಳಿಯೋಣ ಎನ್ನುತ್ತಿದ್ದರು. ನನಗೆ ಇಳಿಯಲು ಡಾಕ್ಟರು ಬಿಡಲಿಕ್ಕಿಲ್ಲ ಎಂದು ಅವರಿಗೆ ಗೊತ್ತಿರಬಹುದು, ಆದರೂ ನನ್ನ ಮನಸ್ಸಿಗೆ ನೋವಾಗದಿರಲಿ ಎಂದು ಹೀಗೆ ಹೇಳುತ್ತಿದ್ದಾರೆ ಎಂದುಕೊಂಡು ನಾನು ಸುಮ್ಮನೆ ನಗುತ್ತಿದ್ದೆ.

ಅತ್ತೆ ಅಡುಗೆಮನೆಯಲ್ಲಿ ದಾರಿಗೆಂದು ಚಕ್ಕುಲಿ ಕರಿಯುತ್ತಿದ್ದರು. ನಾನು ಮಾರ್ಕೆಟ್ಟಿನಿಂದ ತಂದ ಮೊಣಕಾಲುದ್ದದ ಈಜುಡುಪನ್ನು ಅವರ ಕಣ್ಣಿಗೆ ಬೀಳದಂತೆ ಟವೆಲ್ಲಿನೊಳಗೆ ಸುತ್ತುತ್ತಿದ್ದೆ. ಅಕ್ಷಯ ನನ್ನ ಬ್ಯಾಗಿನ ಭಾರ ಎತ್ತಿ ನೋಡಿ, ಬೇಡದ್ದನ್ನೆಲ್ಲ ಹೊರಗೆ ತೆಗೆಯಲು ಶುರು ಮಾಡಿದರು. ಹೇರ್ ಡ್ರೈಯರ್ ಹೊರಗೆ ಬಂತು. ಹೆಚ್ಚಿನ ಚಪ್ಪಲಿ ಹೊರಗೆ ಬಂತು. ಆಮೇಲೆ ವಿಟಮಿನ್ ಡಬ್ಬಿ.

“ಇದು ಯಾಕೆ ಮಾರಾಯ್ತಿ? ನಾಲ್ಕು ದಿನ ವಿಟಮಿನ್ ಇಲ್ಲದಿದ್ರೆ ಏನೂ ಆಗೋದಿಲ್ಲ” ಎಂದು ಅದನ್ನು ಕಪಾಟಿನ ಮೇಲಿಟ್ಟರು.

ಮದುವೆಗೆ ಮುಂಚೆ ಮಾತ್ರೆಗಳನ್ನೆಲ್ಲ ಸ್ಟ್ರಿಪ್ಪಿನಿಂದ ಬಿಡಿಸಿ ಆ ಡಬ್ಬಿಗೆ ತುಂಬಿದವಳು ನೀನು. ಯಾಕೆಂದು ಕೇಳಿದ್ದಕ್ಕೆ, ಮನೆಯವರಿಗೆ ಗೊತ್ತಿದೆ, ಆದರೆ ಮದುವೆಮನೆಯಲ್ಲಿ ಬಂದು ಹೋಗುವ ನೆಂಟರಿಗೆಲ್ಲ ಯಾಕೆ ಗೊತ್ತಾಗಬೇಕು ಎಂದಿದ್ದೆ. ಸರಿಯೆಂದು ನಂಬಿದೆ. ಹಾಗಾಗಿ ಭಾನುವಾರ ನಾನು ಹೆದರಲೂ ಇಲ್ಲ, ದನಿ ತಗ್ಗಿಸಲೂ ಇಲ್ಲ. ಅದು ವಿಟಮಿನ್ ಅಲ್ಲ, ನನ್ನ ಫಿಟ್ಸಿನ ಮಾತ್ರೆ, ಒಂದು ಹೊತ್ತೂ ತಪ್ಪಿಸುವ ಹಾಗಿಲ್ಲ ಎಂದು, ಟವೆಲ್ ಮಡಚುತ್ತಲೇ ಹೇಳಿದೆ.

ತಲೆಯೆತ್ತಿ ನೋಡಿದಾಗ ಅವರ ಮುಖ ಬೇರೆಯೇ ಆಗಿತ್ತು. ಯಾರ ಫಿಟ್ಸು ಎಂದು ಕೇಳಿದರು. ನನ್ನದು ಎಂದೆ. ಯಾವಾಗಿನಿಂದ ಎಂದರು. ಒಂಬತ್ತನೇ ಕ್ಲಾಸಿನಲ್ಲಿ ಪ್ರಾರ್ಥನೆಯ ಸಾಲಿನಲ್ಲಿ ಮೊದಲ ಸಲ ಬಿದ್ದೆ, ಕಾಲೇಜಿನ ದಿನಗಳಿಂದ ಈಚೆಗೆ ಮತ್ತೆ ಬಂದಿಲ್ಲ, ನಿಮಗೆ ಗೊತ್ತೇ ಇದೆಯಲ್ಲ ಎಂದೆ.

“ನನಗೆ ಗೊತ್ತು ಅಂತ ನಿನಗೆ ಯಾರು ಹೇಳಿದ್ದು?”

ಆ ಕ್ಷಣಕ್ಕೆ ನಾನು ಏನಾದೆ ಎಂದು ಬರೆಯಲು ನನ್ನಿಂದಾಗದು. ಅಮ್ಮ ನಿಮ್ಮ ಅಮ್ಮನಿಗೆ ಹೇಳಿದ್ದಾರೆ ಎಂದೆ. ಅವರು ಅತ್ತೆಯನ್ನು ಕೂಗಿ ಕರೆದರು. ಅತ್ತೆ ಕೈಯಲ್ಲಿ ಜಾಲರಿ ಹಿಡಿದೇ ಬಂದು ಬಾಗಿಲಲ್ಲಿ ನಿಂತರು. ಎಣ್ಣೆ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಹುಡುಗಿಗೆ ಹಸಿದರೆ ತಲೆನೋವು ಬರುತ್ತದೆ ಎಂದಷ್ಟೇ ನೀನು ಹೇಳಿದ್ದು, ಬೇರೇನೂ ತನಗೆ ಗೊತ್ತಿಲ್ಲ ಎಂದರು. ಹೇಳುವಾಗ ಜಾಲರಿಯನ್ನೇ ನೋಡುತ್ತಿದ್ದರು.

ಅಕ್ಷಯ ಚಪ್ಪಲಿ ಮೆಟ್ಟಿ ಹೊರಗೆ ಹೋದರು. ಆಗಲೇ ನಾನು ನಿನಗೆ ಫೋನ್ ಮಾಡಿದ್ದು. ನಿಜವಾಗಿ ಏನು ಹೇಳಿದ್ದೆ ಎಂದು ಕೇಳಿದೆ. ನೀನು “ಎಲ್ಲ ನನ್ನದೇ ತಪ್ಪು ಅಂತ ಇಟ್ಟುಕೋ ಮಗಾ” ಎಂದು ಅಳುತ್ತ ಫೋನ್ ಇಟ್ಟುಬಿಟ್ಟೆ.

ಇಟ್ಟುಕೊಂಡಿದ್ದೇನೆ ಅಮ್ಮ. ಮೂರು ದಿನದಿಂದ ಅದನ್ನೇ ಇಟ್ಟುಕೊಂಡು ಈ ಮನೆಯಲ್ಲಿ ಓಡಾಡುತ್ತಿದ್ದೇನೆ.

ನೀನು ಯಾಕೆ ಹೀಗೆ ಮಾಡಿದೆ ಎಂದು ತಿಳಿಯದಷ್ಟು ದಡ್ಡಿಯಲ್ಲ ನಾನು. ನನ್ನನ್ನು ನೋಡಲು ಬಂದಿದ್ದ ಬೊರಿವಲಿಯ ಆ ಮನೀಶನ ಮನೆಯವರಿಗೆ ನೀನು ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದೆ. ಉಪ್ಪಿಟ್ಟು ತಿಂದು, ಚಾ ಕುಡಿದು, ನಗುನಗುತ್ತ ಹೋದವರು ಮತ್ತೆ ಫೋನೂ ಎತ್ತಲಿಲ್ಲ. ಆಮೇಲೆ ನಮ್ಮ ಜನರ ಅರಸಿನ ಕುಂಕುಮಕ್ಕೆ ಹೋದಲ್ಲೆಲ್ಲ ಹೆಂಗಸರು ನನ್ನನ್ನು ನೋಡಿ ಮಾತು ನಿಲ್ಲಿಸುತ್ತಿದ್ದರು. ನೀನು ಸೀರೆಗಳಿಗೆ ಫಾಲ್ ಹೊಲಿಯುತ್ತ ಹೊಲಿಯುತ್ತ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದ್ದೇನೆ. ಆದರೆ ಅಮ್ಮ, ಆವತ್ತು ನನಗೆ ಬೇಸರವಾಗಿತ್ತು, ಅವಮಾನ ಆಗಿರಲಿಲ್ಲ. ಬೇಡ ಎಂದವರು ನಿಜ ಕೇಳಿ ಬೇಡ ಎಂದಿದ್ದರು.

ಅಕ್ಷಯ ಹಾಗಲ್ಲ ಎಂದುಕೊಂಡಿದ್ದೆ. ನಿಶ್ಚಿತಾರ್ಥವಾದ ಮೇಲೆ ಒಂದು ಸಂಜೆ ಜುಹೂವಿನಲ್ಲಿ, ನೀವು ಎಲ್ಲ ಗೊತ್ತಿದ್ದೂ ಒಪ್ಪಿಕೊಂಡಿರಿ ಎಂದು ನಾನು ಹೇಳಿದ್ದೆ. ಅವರು ಭೇಲ್‌ಪುರಿಯ ಕಾಗದ ಮಡಚುತ್ತ, “ಅದರಲ್ಲೇನುಂಟು, ಎಲ್ಲರ ಮನೆಯಲ್ಲೂ ಒಂದೊಂದು ಇರ್ತದೆ” ಎಂದಿದ್ದರು. ನಾನು ಅವರನ್ನು ಪ್ರೀತಿಸಲು ಶುರು ಮಾಡಿದ್ದು ಆ ಮಾತಿನಿಂದ. ಆಮೇಲೂ ಒಮ್ಮೆಯೂ ಅವರು ನನ್ನ ಕಾಯಿಲೆಯ ಮಾತೆತ್ತಲಿಲ್ಲ. ಎಂಥ ದೊಡ್ಡ ಮನಸ್ಸು ಎಂದು ನಾನು ಗೆಳತಿ ನಮಿತಾಳ ಹತ್ತಿರ ಹೇಳಿಕೊಂಡು ತಿರುಗಿದೆ.

ಭಾನುವಾರ ಸಂಜೆ ಅವರು ಮನೆಗೆ ಬಂದ ಮೇಲೆ ಆ ಮಾತನ್ನು ಜ್ಞಾಪಿಸಿದೆ. ನಾನು ಅಪ್ಪನ ವಿಷಯ ಹೇಳುತ್ತಿದ್ದೇನೆ ಎಂದು ಅವರು ತಿಳಿದಿದ್ದರಂತೆ. ಅಪ್ಪ ನಮ್ಮನ್ನು ಬಿಟ್ಟು ನಾಸಿಕದಲ್ಲಿ ಬೇರೆ ಸಂಸಾರ ಹೂಡಿದ್ದು.

ನೋಡು, ನಾನು ಯಾವ ಗುಣ ಕಂಡು ಮನಸ್ಸು ಕೊಟ್ಟೆನೋ ಅದು ಅವರಲ್ಲಿತ್ತೋ ಇಲ್ಲವೋ, ಪರೀಕ್ಷೆಯೇ ಆಗಿರಲಿಲ್ಲ. ನಿನ್ನ ಸುಳ್ಳಿಗೆ ನಾನು ಅವರ ಮುಖ ಹಚ್ಚಿ ಪ್ರೀತಿಸುತ್ತಿದ್ದೆ. ಅಪ್ಪ ಮುಚ್ಚಿಟ್ಟದ್ದು ಗೊತ್ತಾದ ದಿನ, ಬಿಟ್ಟು ಹೋದದ್ದಕ್ಕಿಂತ ಏನೂ ಅರಿಯದವಳನ್ನು ಇಷ್ಟು ವರ್ಷ ನಗಿಸಿದ್ದು ಹೆಚ್ಚು ಉರಿಯುತ್ತದೆ ಎಂದವಳು ನೀನೇ ಅಲ್ಲವೇ? ಆ ಉರಿ ಗೊತ್ತಿದ್ದವಳು ನನ್ನನ್ನು ಯಾಕೆ ಅದರಲ್ಲಿ ನಿಲ್ಲಿಸಿದೆ?

ಸೋಮವಾರದ ರೈಲಿಗೆ ನಾವು ಹೋಗಲಿಲ್ಲ. ಅವರು ತಮ್ಮ ಬ್ಯಾಗಿನ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಕಪಾಟಿನಲ್ಲಿಟ್ಟು ಫೋರ್ಟಿಗೆ ಹೋದರು. ರಾತ್ರಿ ಹಾಲ್‌ನಲ್ಲಿ ಮಲಗುತ್ತಾರೆ. ಹೋಗು ಎಂದೂ ಹೇಳಿಲ್ಲ, ಇರು ಎಂದೂ ಹೇಳಿಲ್ಲ. “ನನಗೆ ಹೇಳಿಲ್ಲ ಅಂತ ನಿನಗೂ ನಿಜವಾಗಿ ಗೊತ್ತಿರಲಿಲ್ಲವಾ” ಎಂದು ಒಮ್ಮೆ ಕೇಳಿದರು. ಇಲ್ಲ ಎಂದೆ. ನಂಬಿದರೋ ಇಲ್ಲವೋ. ಅವರ ಜಾಗದಲ್ಲಿದ್ದರೆ ನಾನು ನಂಬುತ್ತಿರಲಿಲ್ಲ. ನನ್ನ ಬ್ಯಾಗು ಮಾತ್ರ ಕಟ್ಟಿದಂತೆಯೇ ಮಂಚದ ಪಕ್ಕದಲ್ಲಿದೆ. ಬಿಚ್ಚಲು ನನಗೆ ಕೈ ಬರುತ್ತಿಲ್ಲ.

ನಿನ್ನೆ ಅವರೇ, ನನ್ನ ಡಾಕ್ಟರನ್ನು ನೋಡಬೇಕು ಎಂದರು. ಪಾರ್ಲೆಗೆ ಬಂದೆವು. ನಿನ್ನ ಕಿಟಕಿಯ ಮುಂದಿನಿಂದಲೇ ನಡೆದು ಹೋದೆವು. ನೀನು ಮಿಷನ್ನಿನ ಮೇಲೆ ಬಗ್ಗಿದ್ದೆ, ಹೆಗಲ ಮೇಲೆ ಯಾರದೋ ನೀಲಿ ಸೀರೆ. ಅಕ್ಷಯ ನನ್ನ ಮುಖ ನೋಡಿದರು. ನಾನು ನಿಲ್ಲಲಿಲ್ಲ.

ಡಾಕ್ಟರು ಎಲ್ಲ ಬಿಡಿಸಿ ಹೇಳಿದರು. ಮಾತ್ರೆ ತಪ್ಪಿಸದಿದ್ದರೆ ಎಲ್ಲರ ಹಾಗೆ ಬಾಳಬಹುದು, ಮಕ್ಕಳು ಬೇಕೆಂದಾಗ ಮೊದಲೇ ಬಂದು ಕೇಳಬೇಕು, ನೀರಿನಡಿಗೆ ಇಳಿಯುವುದು ಮಾತ್ರ ಖಂಡಿತ ಕೂಡದು. ನಾನು ಹೇಳದೇ ಹೋಗಿದ್ದರೆ, ಮಾತ್ರೆ ಕಪಾಟಿನ ಮೇಲೇ ಉಳಿದು ನಾವು ಹೊರಟುಬಿಟ್ಟಿದ್ದರೆ, ಅವರು ಪ್ರೀತಿಯಿಂದಲೇ ಕೈ ಹಿಡಿದು ನನ್ನನ್ನು ಸಮುದ್ರದೊಳಗೆ ಕರೆದುಕೊಂಡು ಹೋಗುತ್ತಿದ್ದರು. ಇದನ್ನು ಯೋಚಿಸಿದ್ದೆಯಾ ಅಮ್ಮ? ಅಕ್ಷಯ ಯೋಚಿಸಿದರು. ಹೊರಗೆ ಬಂದು ರಿಕ್ಷಾ ಕಾಯುತ್ತ ನಿಂತಾಗ ಹೇಳಿದರು:

“ಮೊದಲೇ ಹೇಳಿದ್ದರೆ ನಾನು ಹೂಂ ಅಂತಿದ್ದೆನಾ, ಬೇಡ ಅಂತಿದ್ದೆನಾ, ನನಗೇ ಗೊತ್ತಿಲ್ಲ. ಇನ್ನು ಗೊತ್ತಾಗೋದೂ ಇಲ್ಲ.”

ನೀನು ನನ್ನಿಂದ ಕಿತ್ತುಕೊಂಡದ್ದು ಇದನ್ನೇ. ನನ್ನನ್ನು ಪೂರ್ತಿ ಅರಿತು ಒಬ್ಬರು ಹೂಂ ಎನ್ನಬಹುದಿತ್ತು. ಎನ್ನುತ್ತಾರೆಂದು ನೀನು ನಂಬಲಿಲ್ಲ. ಲೋಕ ನಂಬದಿದ್ದರೆ ಇರಲಿ, ನೀನೂ ನಂಬಲಿಲ್ಲ.

ಇವತ್ತು ಬೆಳಗ್ಗೆ ಕೆಲಸಕ್ಕೆ ಹೊರಡುವಾಗ ಬಾಗಿಲಲ್ಲಿ ನಿಂತು, ಫಿಟ್ಸ್ ಬಂದರೆ ಯಾವ ಮಗ್ಗುಲಿಗೆ ಮಲಗಿಸಬೇಕು ಎಂದು ಕೇಳಿದರು. ಎಡಕ್ಕೆ ಎಂದೆ. ತಲೆಯಾಡಿಸಿ ಹೋದರು. ಅದಕ್ಕೆ ಏನರ್ಥ ಎಂದು ನನಗೆ ತಿಳಿಯದು. ನಿನ್ನನ್ನು ಕೇಳುವ ಹಾಗೂ ಇಲ್ಲ. ಇಷ್ಟು ವರ್ಷ ಇಂಥದ್ದನ್ನೆಲ್ಲ ನಿನ್ನನ್ನೇ ಕೇಳುತ್ತಿದ್ದೆ.

ಸ್ವಲ್ಪ ದಿನ ನನಗೆ ಫೋನ್ ಮಾಡಬೇಡ. ಬಿ.ಪಿ. ಮಾತ್ರೆ ಸರಿಯಾಗಿ ತೆಗೆದುಕೋ.

ಇಂತು ನಿನ್ನ ಮಗಳು,
ಶ್ರಾವ್ಯಾ

ತಾ.ಕ.: ಪತ್ರ ಮಡಚುತ್ತಿದ್ದಾಗ ಅತ್ತೆ ಬಂದು, ಅಮ್ಮನಿಗಾ ಎಂದು ಕೇಳಿ ಮಂಚದ ತುದಿಯಲ್ಲಿ ಕೂತರು. ಸೆರಗಿನ ತುದಿ ತಿರುವುತ್ತ ಹೇಳಿದರು. ನಿಶ್ಚಿತಾರ್ಥಕ್ಕೆ ಮೊದಲು ನೀನು ಇದೇ ಮನೆಗೆ ಬಂದು, ಕಾಯಿಲೆ, ಮಾತ್ರೆ, ಡಾಕ್ಟರ ಹೆಸರು ಎಲ್ಲವನ್ನೂ ಅವರಿಗೆ ಹೇಳಿದ್ದೆಯಂತೆ. ಅವರೇ, ತನಗೆ ಅಡ್ಡಿಯಿಲ್ಲ, ಆದರೆ ಅಕ್ಷಯನಿಗೆ ಈಗ ಬೇಡ, ಮದುವೆಯಾಗಿ ಒಂದು ವರ್ಷ ಕಳೆಯಲಿ ಎಂದರಂತೆ. ಹೋಟೆಲ್ಲಿನ ಗಲ್ಲೆಯಲ್ಲಿ ಕೂರುವವನು ಬೇಡ ಎಂದು ಎಷ್ಟೋ ಹುಡುಗಿಯರು ಅಕ್ಷಯ ಅವರನ್ನು ಒಲ್ಲೆ ಎಂದಿದ್ದರಂತೆ. ಇದೂ ಕೈತಪ್ಪಿದರೆ ಮಗ ಒಂಟಿಯಾಗಿಯೇ ಉಳಿಯುತ್ತಾನೆ ಎಂದು ಹೆದರಿದರಂತೆ.

ಭಾನುವಾರ ಫೋನಿನಲ್ಲಿ ನೀನು ಅತ್ತೆಯ ಹೆಸರೆತ್ತದೆ ಎಲ್ಲವನ್ನೂ ನಿನ್ನ ತಲೆಗೆ ಹಾಕಿಕೊಂಡದ್ದು ಯಾಕೆಂದು ಈಗ ತಿಳಿಯಿತು. ನಾನು ಅವರ ಜೊತೆ ಬಾಳಬೇಕಲ್ಲ. ಆದರೂ ಮೇಲೆ ಬರೆದದ್ದರಲ್ಲಿ ಒಂದು ಮಾತನ್ನೂ ಹೊಡೆದು ಹಾಕುವುದಿಲ್ಲ. ಮನೆಯವರಿಗೆ ಗೊತ್ತಿದೆ ಎಂದು ನೀನು ಹೇಳಿದ್ದೆ. ಆ ಮನೆಯವರಲ್ಲಿ ನಾನು ಮದುವೆಯಾಗುವವರು ಇರಲಿಲ್ಲ, ಅದು ನಿನಗೆ ಗೊತ್ತಿತ್ತು.

ಅಕ್ಷಯನಿಗೆ ಹೇಳಬೇಡ ಎಂದು ಅತ್ತೆ ನನ್ನ ಕೈ ಹಿಡಿದುಕೊಂಡರು. ಆಗುವುದಿಲ್ಲ ಅತ್ತೆ ಎಂದೆ. ಸಂಜೆ ಅಕ್ಷಯ ಬಂದ ಕೂಡಲೇ, ಅತ್ತೆಯ ಎದುರಿಗೇ ಹೇಳಿದೆ. ಅವರು ಅತ್ತೆಯತ್ತ ತಿರುಗಿ, ಗೊತ್ತಿತ್ತಾ ಎಂದು ಕೇಳಿದರು. ಅತ್ತೆ ಹೌದೆಂದು ತಲೆಯಾಡಿಸಿದರು. ಅವರು ಬೈಯಲಿಲ್ಲ. ಒಳಗೆ ಬಂದು ನನ್ನ ಪಕ್ಕದಲ್ಲಿ ನೆಲದ ಮೇಲೆ ಕೂತು ಹೇಳಿದರು:

“ಹಾಗಾದರೆ ಗೊತ್ತಿಲ್ಲದವರು ನಾವಿಬ್ಬರೇ.”

ಈಗ ಅವರು ಕಪಾಟಿನಿಂದ ತಮ್ಮ ಬಟ್ಟೆಗಳನ್ನು ಮತ್ತೆ ತೆಗೆಯುತ್ತಿದ್ದಾರೆ. ತಾರ್ಕರ್ಲಿಗೆಂದು ನಾಳೆ ಸಂಜೆ ಮಾಲ್ವಣದ ಬಸ್ಸಿಗೆ ಹೋಗುತ್ತೇವೆ. ಕಳಿಸಿಕೊಡಲು ನೀವಿಬ್ಬರು ಅಮ್ಮಂದಿರೂ ಬರುವುದು ಬೇಡ.