ದೇವಿ ಒಂದು ಗುಳಿಗೆಯನ್ನೂ ಬಿಟ್ಟಿರಲಿಲ್ಲ

ಜಿಲ್ಲಾ ಪ್ರತಿಜೀವಕ ಜಾಗೃತಿ ಸಮಿತಿಯ ಮಾನ್ಯ ಅಧ್ಯಕ್ಷರೇ,

ಕಳೆದ ವಾರ ತಮ್ಮ ಕಚೇರಿಯ ಉತ್ತರ ತಲುಪಿತು. ನಾನು ಆರು ಪುಟ ಬರೆದು ಕಳಿಸಿದ್ದ ದೂರಿಗೆ ತಾವು ಒಂದೇ ವಾಕ್ಯದಲ್ಲಿ ಮುಕ್ತಿ ಕೊಟ್ಟಿದ್ದೀರಿ: "ರೋಗಿಯು ಔಷಧವನ್ನು ಪೂರ್ಣಾವಧಿಗೆ ಸೇವಿಸದ ಕಾರಣ ರೋಗಾಣುವಿನಲ್ಲಿ ನಿರೋಧಕತೆ ಉಂಟಾಗಿರುವ ಸಂಭವವಿದ್ದು, ಪ್ರಕರಣವನ್ನು ಮುಕ್ತಾಯಗೊಳಿಸಲಾಗಿದೆ." ಈ ವಾಕ್ಯ ಸುಳ್ಳು. ಇದನ್ನು ಖಾಸಗಿಯಾಗಿ ತಿಳಿಸಿದರೆ ಇನ್ನೊಂದು ಮುಕ್ತಾಯದ ವಾಕ್ಯ ಬರುತ್ತದೆಂದು ಗೊತ್ತಿರುವುದರಿಂದ ಬಹಿರಂಗ ಪತ್ರವಾಗಿ ನಾಲ್ಕು ಜನರ ಎದುರಿಗೆ ಬರೆಯುತ್ತಿದ್ದೇನೆ.

ನಾನು ಕಾನಸೂರಿನಲ್ಲಿ ಇಪ್ಪತ್ತಾರು ವರ್ಷಗಳಿಂದ ಔಷಧದ ಅಂಗಡಿ ಇಟ್ಟುಕೊಂಡವನು. ಎರಡೂವರೆ ಎಕರೆ ಅಡಿಕೆ ತೋಟವೂ ಇದೆ. ತಾವು "ರೋಗಿ" ಎಂದು ಕರೆದವಳ ಹೆಸರು ದೇವಿ. ನಲವತ್ತೆರಡು ವರ್ಷ. ಗಂಡ ಚೌಡ ಮತ್ತು ಅವಳು ತಮ್ಮ ಒಂದೆಕರೆ ಗದ್ದೆ ಮಾಡಿಕೊಂಡು, ಬಿಡುವಿದ್ದಾಗ ನಮ್ಮಂಥವರ ತೋಟದ ಕೆಲಸಕ್ಕೂ ಬರುವವರು. ತಾವು ಅವಳನ್ನು ನೋಡಿಲ್ಲ. ನೋಡಬೇಕಾದ ಅಗತ್ಯ ಕಾಣಲಿಲ್ಲವೇನೋ. ಕಡತಕ್ಕೆ ಕಾಲಿಲ್ಲದಿದ್ದರೂ ಅದು ಮೇಜಿನಿಂದ ಮೇಜಿಗೆ ನಡೆಯುತ್ತದಲ್ಲ.

ಕಳೆದ ವರ್ಷ ದಸರೆ ಮುಗಿದ ವಾರ ದೇವಿ ನನ್ನ ತೋಟದಲ್ಲಿ ಮರಗಳ ಬುಡ ಬಿಡಿಸಿ ಗೊಬ್ಬರ ಹಾಕುತ್ತಿದ್ದಳು. ಗುದ್ದಲಿ ಕಲ್ಲಿಗೆ ಬಡಿದು ಜಾರಿ ಎಡಗಾಲಿನ ಮೇಲೆ ಬಿತ್ತು. ಎರಡು ಬೆರಳಗಲದ ಗಾಯ. ನನ್ನ ಹೆಂಡತಿ ಪರಿಮಳಾ ಬಿಸಿನೀರಿನಲ್ಲಿ ತೊಳೆದು ಬಟ್ಟೆ ಕಟ್ಟಿದಳು. "ಇಷ್ಟಕ್ಕೆಲ್ಲ ಮನೆಗೆ ಹೋಗೂದಾ ಅಮ್ಮಾ?" ಎಂದು ದೇವಿ ನಕ್ಕು, ಉಳಿದ ಎರಡು ಸಾಲು ಮುಗಿಸಿಯೇ ಹೋದಳು. ಅವಳು ಹಾಕುತ್ತಿದ್ದದ್ದು ಕೋಳಿಗೊಬ್ಬರ. ಬಯಲುಸೀಮೆಯ ಯಾವುದೋ ಕೋಳಿ ಶೆಡ್ಡಿನಿಂದ ಲಾರಿಯಲ್ಲಿ ಬಂದದ್ದು. ತರಿಸಿದವನು ನಾನೇ.

ಮೂರನೆಯ ದಿನ ಚೌಡ ಅಂಗಡಿಗೆ ಬಂದ. "ಹೆಗ್ಡೇರೇ, ಕಾಲು ಊದಿ ಕುಂಬ್ಳಕಾಯಿ ಆಗದೆ. ಒಂದು ಗುಳ್ಗೆ ಕೊಡಿ" ಎಂದ. ಕೊಟ್ಟೆ, ಐದು ದಿನದ್ದು. ವೈದ್ಯರ ಚೀಟಿ ಕೇಳಿದೆನೇ? ಕೇಳಲಿಲ್ಲ. ನಮ್ಮಲ್ಲಿ ಯಾರು ಕೇಳುತ್ತಾರೆ? ಊರಿನ ಜ್ವರ, ಕೆಮ್ಮು, ಗಾಯಗಳಿಗೆಲ್ಲ ನಾನೇ ವೈದ್ಯ, ನಾನೇ ಚೀಟಿ. ಇದು ಕಾನೂನಿಗೆ ವಿರುದ್ಧವೆಂದು ನನಗೂ ಗೊತ್ತು. ತಪಾಸಣೆಗೆಂದು ವರ್ಷಕ್ಕೊಮ್ಮೆ ಬಂದು ಪುಸ್ತಕಕ್ಕೆ ಸಹಿ ಹಾಕುತ್ತಿದ್ದ ಅಧಿಕಾರಿಗಳಿಗೂ ಗೊತ್ತು. ಈ ತಪ್ಪನ್ನು ಮೊದಲ ಪತ್ರದಲ್ಲೇ ಒಪ್ಪಿಕೊಂಡಿದ್ದೆ. ಶಿಕ್ಷೆಯಾದೀತೆಂದು ಕಾದೆ. ತಾವು ನನ್ನನ್ನು ಬಿಟ್ಟು ದೇವಿಯನ್ನು ಹಿಡಿದಿರಿ.

ಐದು ದಿನವಾದರೂ ಬಾವು ಇಳಿಯಲಿಲ್ಲ. ಚೌಡ ಮತ್ತೆ ಬಂದ. "ನೀವು ಕೊಟ್ಟಿದ್ದು ತಾಗ್ಲೇ ಇಲ್ಲ ನೋಡಿ. ಸ್ವಲ್ಪ ಜೋರಿಂದು ಕೊಡಿ." ಜೋರಿನದನ್ನು ಏಳು ದಿನಕ್ಕೆ ಕೊಟ್ಟೆ. ಅದು ಮುಗಿಯುವಾಗ ಚಳಿಜ್ವರ ಶುರುವಾಗಿತ್ತು, ಗಾಯದ ಸುತ್ತ ಚರ್ಮ ಕಪ್ಪಾಗಿತ್ತು. ಆಗ ಹೆದರಿ ನಾನೇ ಅವರಿಬ್ಬರನ್ನು ಕಾರಿನಲ್ಲಿ ಕೂರಿಸಿಕೊಂಡು ತಾಲೂಕು ಆಸ್ಪತ್ರೆಗೆ ಹೋದೆ. ಸಕ್ಕರೆ ಕಾಯಿಲೆ ಇದೆಯೇ ಎಂದು ನೋಡಿದರು. ಇರಲಿಲ್ಲ. ಐದು ದಿನ ಸೂಜಿಮದ್ದು ಕೊಟ್ಟರು. ನಂಜು ಅದಕ್ಕೂ ಜಗ್ಗಲಿಲ್ಲ. ಕೀವನ್ನು ಪರೀಕ್ಷೆ ಮಾಡಿ ಯಾವ ಮದ್ದು ನಾಟುತ್ತದೆಂದು ಹೇಳುವ ವ್ಯವಸ್ಥೆ ಅಲ್ಲಿರಲಿಲ್ಲ. "ಹುಬ್ಬಳ್ಳಿಗೆ ಕರ್ಕೊಂಡು ಹೋಗಿ" ಎಂದರು. ಸಿದ್ದಾಪುರ, ಶಿರಸಿ, ಯಲ್ಲಾಪುರದ ಜನಕ್ಕೆ ಈ ಮಾತು ಹೊಸದಲ್ಲ. ನಮ್ಮ ದೊಡ್ಡ ಕಾಯಿಲೆಗಳಿಗೆಲ್ಲ ಮೊದಲ ಚಿಕಿತ್ಸೆ ನೂರಿಪ್ಪತ್ತು ಕಿಲೋಮೀಟರ್ ರಸ್ತೆ.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಪರೀಕ್ಷೆಯ ವರದಿ ಬರಲು ಮೂರು ದಿನ ಹಿಡಿಯಿತು. ಆ ಕಾಗದದಲ್ಲಿ ಹದಿನಾಲ್ಕು ಔಷಧಗಳ ಹೆಸರಿತ್ತು. ಒಂದೊಂದರ ಮುಂದೆಯೂ ಒಂದು ಅಕ್ಷರ. 'ಎಸ್' ಎಂದಿದ್ದರೆ ಆ ಮದ್ದಿಗೆ ರೋಗಾಣು ಸಾಯುತ್ತದೆ, 'ಆರ್' ಎಂದಿದ್ದರೆ ಸಾಯುವುದಿಲ್ಲ. ಮೇಲಿನಿಂದ ಕೆಳಗೆ ಓದುತ್ತ ಹೋದೆ. ಆರ್, ಆರ್, ಆರ್. ನಾನು ಕೊಟ್ಟ ಎರಡೂ ಗುಳಿಗೆ ಅದರಲ್ಲಿದ್ದವು. ತಾಲೂಕು ಆಸ್ಪತ್ರೆಯ ಸೂಜಿಮದ್ದೂ ಇತ್ತು. ನನ್ನ ಅಂಗಡಿಯ ಕಪಾಟನ್ನು ಯಾರೋ ಒಂದೊಂದೇ ಖಾನೆ ಖಾಲಿ ಮಾಡುತ್ತ ಬಂದಂತೆ ಕಂಡಿತು. ಚಿಕ್ಕ ವಯಸ್ಸಿನ ವೈದ್ಯ ಕಾಗದದ ತುದಿಗೆ ಬೆರಳಿಟ್ಟು ತೋರಿಸಿದರು. "ಹದಿಮೂರಕ್ಕ ಆರ್ ಬಂದೈತ್ರಿ. ಕೊನೀದೊಂದಕ್ಕ ಅಷ್ಟ ಎಸ್ ಐತಿ. ಅದನ್ನ ಕೊಡೋಣು. ಆದ್ರ ಕಿಡ್ನಿಗೆ ಭಾಳ ತ್ರಾಸ್ ಕೊಡ್ತೈತಿ, ಮೊದ್ಲ ಹೇಳೇನಿ."

ಆ ಕೊನೆಯ ಔಷಧದ ಹೆಸರು ಕೊಲಿಸ್ಟಿನ್. ತಮಗೆ ಗೊತ್ತಿರಲೇಬೇಕು. ಹಿಂದೆ ಇದನ್ನು ಕೋಳಿಗಳ ಆಹಾರದಲ್ಲಿ ಬೆರೆಸುತ್ತಿದ್ದರು, ಬೇಗ ದಪ್ಪವಾಗಲೆಂದು. ಮನುಷ್ಯನಿಗೆ ಉಳಿದ ಕೊನೆಯ ಮದ್ದುಗಳಲ್ಲಿ ಒಂದನ್ನು ಕೋಳಿಯ ತೂಕಕ್ಕೆ ಸುರಿಯುತ್ತಿದ್ದೇವೆಂದು ಅರಿವಾಗಿ ಸರಕಾರ ಕೆಲವು ವರ್ಷಗಳ ಹಿಂದೆ ಅದನ್ನು ನಿಷೇಧಿಸಿತು. ಒಳ್ಳೆಯದೇ ಆಯಿತು. ಉಳಿದ ಹದಿಮೂರರ ಕತೆ ಏನು?

ನಾಲ್ಕನೆಯ ದಿನಕ್ಕೆ ದೇವಿಯ ಮೂತ್ರ ಕಡಿಮೆಯಾಗಿ ಮದ್ದು ನಿಲ್ಲಿಸಬೇಕಾಯಿತು. ಅಷ್ಟರಲ್ಲಿ ನಂಜು ಮೂಳೆಗೆ ಇಳಿದಿತ್ತು. ಮೊಣಕಾಲಿನ ಕೆಳಗೆ ಕತ್ತರಿಸದಿದ್ದರೆ ಜೀವ ಉಳಿಯುವುದಿಲ್ಲ ಎಂದರು. ಚೌಡ ಒಪ್ಪಿಗೆಯ ಕಾಗದವನ್ನು ನನ್ನ ಕಡೆ ಚಾಚಿದ. "ಹೆಗ್ಡೇರೇ, ಇದಕ್ಕೆ ನಾ ಸಹಿ ಹಾಕೂದಾ? ಕಾಲು ಅವಳ್ದಲ್ವಾ?" ಎಂದ. ಒಳಗೆ ಹೋಗಿ ದೇವಿಯನ್ನೇ ಕೇಳಿದೆವು. ಜ್ವರದಲ್ಲಿದ್ದರೂ ಮಾತು ಸ್ಪಷ್ಟವಾಗಿತ್ತು. "ಹೋದ್ರೆ ಹೋಗ್ಲಿ. ನಂಜು ಮತ್ತೆ ಮೇಲೆ ಹತ್ತೂದಿಲ್ಲ ಅಲ್ದಾ, ಅಷ್ಟು ಕೇಳಿ ಅವ್ರ ಹತ್ರ." ವೈದ್ಯರು ಆ ಭರವಸೆಯನ್ನೂ ಪೂರ್ತಿಯಾಗಿ ಕೊಡಲಿಲ್ಲ. ಆದರೆ ಕಾಲು ತೆಗೆದ ಮೇಲೆ ನಂಜು ಅಲ್ಲಿಗೆ ನಿಂತಿತು. ದೇವಿ ಬದುಕಿದಳು.

ಈಗ ತಮ್ಮ ವಾಕ್ಯಕ್ಕೆ ಬರುತ್ತೇನೆ. ಉತ್ತರ ಬಂದ ದಿನ ಚೌಡನ ಮನೆಗೆ ಹೋಗಿ ಓದಿ ಹೇಳಿದೆ. ಓದಬಾರದಿತ್ತು. ದೇವಿ ಜಗಲಿಯಲ್ಲಿ ಕೂತು ಕೇಳಿದಳು. "ಪೂರ್ಣಾವಧಿ ಅಂದ್ರೆ ಎಂತದು?" ಎಂದಳು. ಹೇಳಿದೆ. ಅವಳು ಊರುಗೋಲು ಹಿಡಿದು ಎದ್ದು, "ಬನ್ನಿ ಇಲ್ಲಿ" ಎಂದು ಹಿತ್ತಲಿಗೆ ನಡೆದಳು. ಹರಿವೆಯ ಮಡಿಯ ಮೇಲೆ ದಾರ ಕಟ್ಟಿ, ಹಕ್ಕಿ ಹೆದರಲೆಂದು ಬೆಳ್ಳಿಬಣ್ಣದ ಖಾಲಿ ಗುಳಿಗೆ ಪಟ್ಟಿಗಳನ್ನು ಸಾಲಾಗಿ ತೂಗುಬಿಟ್ಟಿದ್ದರು. ನಾನು ಕೊಟ್ಟವೇ. "ಎಣ್ಸಿ ನೋಡಿ. ನಾ ಎಂತ ತಪ್ಪು ಮಾಡ್ದೆ ಅಂತ ಹೇಳಿ. ಹೊತ್ತು ತಪ್ಪಿಸ್ಲಿಲ್ಲ, ಉಣ್ಣದೇ ನುಂಗ್ಲಿಲ್ಲ." ನಾನು ಎಣಿಸಿದೆ. ಎಲ್ಲ ಗೂಡುಗಳೂ ಒಡೆದಿದ್ದವು. ಒಂದರಲ್ಲೂ ಗುಳಿಗೆ ಉಳಿದಿರಲಿಲ್ಲ. ಐವತ್ತರ ಮೇಲಾದ ನಾನು ಆ ಹರಿವೆ ಮಡಿಯ ಪಕ್ಕ ನಿಂತು, ಅವಳ ಮುಖ ನೋಡಲಾಗದೆ, ತಮ್ಮ ಪತ್ರವನ್ನು ಮಡಿಸಿ ಕಿಸೆಗೆ ಹಾಕಿಕೊಂಡೆ.

ಶಿರಸಿಯ ಬಸ್ ನಿಲ್ದಾಣದಲ್ಲಿ ತಮ್ಮ ಜಾಗೃತಿ ಸಪ್ತಾಹದ ಫಲಕ ಇನ್ನೂ ನೇತಾಡುತ್ತಿದೆ: "ಗುಳಿಗೆ ಅರ್ಧಕ್ಕೆ ಬಿಟ್ಟವರೇ ರೋಗಾಣುವನ್ನು ಬೆಳೆಸಿದವರು." ಗುಳಿಗೆ ಅರ್ಧಕ್ಕೆ ಬಿಡಬಾರದು ನಿಜ, ನಾನೂ ಅದನ್ನೇ ಹೇಳುತ್ತೇನೆ. ಆದರೆ ಬೆಳೆಸಿದವರು ಅವರೊಬ್ಬರೇನಾ? ಸಾವಿರಾರು ಕೋಳಿಗಳನ್ನು ರೆಕ್ಕೆ ಬಿಚ್ಚಲೂ ಜಾಗವಿಲ್ಲದ ಶೆಡ್ಡಿನಲ್ಲಿ ತುಂಬಿ, ಕಾಯಿಲೆ ಬೀಳದಂತೆ ಆಹಾರದಲ್ಲೋ ನೀರಿನಲ್ಲೋ ಮದ್ದು ಬೆರೆಸಿದರೆ, ಆ ಮದ್ದಿಗೆ ಸಾಯದ ರೋಗಾಣು ಎಲ್ಲಿ ಹೋಗುತ್ತದೆ? ಹಿಕ್ಕೆಯಲ್ಲಿ ಬರುತ್ತದೆ. ಹಿಕ್ಕೆ ಲಾರಿಯಲ್ಲಿ ಬರುತ್ತದೆ. ಲಾರಿ ನನ್ನ ತೋಟಕ್ಕೆ ಬರುತ್ತದೆ. ನಾನು ಕೋಳಿ ತಿನ್ನದ ಮನೆಯವನು, ಆದರೂ ಕೋಳಿಯ ಮದ್ದು ನನ್ನ ಮಣ್ಣಿನಲ್ಲಿದೆ. ಆದ್ದರಿಂದ ತಿನ್ನುವವರ ಕಡೆ ಬೆರಳು ತೋರಿಸುವ ಹಕ್ಕು ನನಗಿಲ್ಲ.

ಹಾಗಾದರೆ ಆ ಲಾರಿಯನ್ನು ಕರೆಸಿದ್ದೇಕೆ? ನಮ್ಮ ಮೂರು ತಾಲೂಕುಗಳಲ್ಲಿ ಹಿರಿಯರು ಒಂದು ಅಳತೆ ಇಟ್ಟಿದ್ದರು. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆ ಸೊಪ್ಪಿನ ಬೆಟ್ಟ. ಬೆಟ್ಟದ ಸೊಪ್ಪು ಕೊಟ್ಟಿಗೆಗೆ, ಕೊಟ್ಟಿಗೆಯ ಗೊಬ್ಬರ ತೋಟಕ್ಕೆ. ಬೆಟ್ಟ ಎಷ್ಟು ಕೊಡಬಲ್ಲದೋ ಅಷ್ಟೇ ತೋಟ. ನಾವು ಅಡಿಕೆಯ ಆಸೆಗೆ ಗದ್ದೆಗೂ ಸಸಿ ನೆಟ್ಟೆವು, ಬೆಟ್ಟದ ಅಂಚನ್ನೂ ಅಗೆದೆವು. ಅರ್ಧ ಎಕರೆ ನಾನೇ ಅಗೆಸಿದ್ದೇನೆ. ದನ ಮಾರಿದೆವು. ತೋಟ ದೊಡ್ಡದಾಯಿತು, ಬೆಟ್ಟ ಬೋಳಾಯಿತು. ಕಡಿಮೆ ಬಿದ್ದದ್ದನ್ನು ತುಂಬಲು ಕೋಳಿಗೊಬ್ಬರ ಬಂತು. ಭೂಮಿ ಇಡೀ ವರ್ಷಕ್ಕೆಂದು ಕೊಡುವುದನ್ನು ಮನುಷ್ಯರು ಏಳೆಂಟು ತಿಂಗಳಲ್ಲೇ ಮುಗಿಸುತ್ತಿದ್ದಾರೆಂದು ತಿಳಿದವರು ಬರೆಯುವುದನ್ನು ಓದಿದ್ದೆ. ಅದು ಎಲ್ಲೋ ದೂರದ ಮಾತು ಅಂದುಕೊಂಡಿದ್ದೆ. ನಮ್ಮಲ್ಲಿ ಅದು ಹೀಗೆ ನಡೆದಿದೆ. ಬೆಟ್ಟದ ಮಿತಿ ದಾಟಿದವನು ನಾನು, ಶೆಡ್ಡಿನ ಮಿತಿ ದಾಟಿದವನು ಯಾರೋ, ಅಂಗಡಿಯಲ್ಲಿ ಮಿತಿ ದಾಟಿದವನು ಮತ್ತೆ ನಾನೇ. ಕಾಲು ಕಳೆದುಕೊಂಡವಳು, ಮೂರರಲ್ಲಿ ಒಂದನ್ನೂ ದಾಟದವಳು.

ದೇವಿಯ ಗಾಯಕ್ಕೆ ಸೇರಿದ ರೋಗಾಣು ಆ ಗೊಬ್ಬರದ್ದೇ ಎಂದು ನಾನು ಸಾಬೀತು ಮಾಡಲಾರೆ. ಆಸ್ಪತ್ರೆಯಲ್ಲೇ ಹತ್ತಿರಬಹುದು, ನೀರಿನಿಂದ ಬಂದಿರಬಹುದು. ಯಾರೂ ಪರೀಕ್ಷೆ ಮಾಡಿಲ್ಲ. ಗೊಬ್ಬರದ ಒಂದು ಚೀಲ ಹಾಗೇ ಕಟ್ಟಿಟ್ಟು ಕಚೇರಿಗಳನ್ನು ಸುತ್ತಿದೆ. ಗೊಬ್ಬರ ನಮ್ಮದಲ್ಲ ಎಂದರು ಆರೋಗ್ಯದವರು. ಮನುಷ್ಯರ ಗಾಯ ನಮ್ಮದಲ್ಲ ಎಂದರು ಪಶುವೈದ್ಯರು. ರೋಗಾಣು ನಮ್ಮದಲ್ಲ ಎಂದರು ಕೃಷಿಯವರು. ಹೊಳೆಗೆ ಬಿದ್ದ ಮೇಲೆ ಬನ್ನಿ ಎಂದರು ಮಾಲಿನ್ಯದವರು. ಕೋಳಿ ಒಬ್ಬರದು, ಗೊಬ್ಬರ ಒಬ್ಬರದು, ಹೊಳೆ ಒಬ್ಬರದು, ಕಾಲು ಮಾತ್ರ ದೇವಿಯದು. ಇವೆಲ್ಲವನ್ನೂ ಒಟ್ಟಿಗೆ ನೋಡಲೆಂದೇ ತಮ್ಮ ಸಮಿತಿ ಹುಟ್ಟಿತೆಂದು ಕೇಳಿ ತಮಗೆ ಬರೆದೆ. ಪರೀಕ್ಷೆಯಿಲ್ಲದೆ ನಾನು ಏನನ್ನೂ ಹೇಳಲಾರದೆ ಕೂತಿದ್ದರೆ, ಪರೀಕ್ಷೆಯಿಲ್ಲದೆ ತಾವು ತೀರ್ಪನ್ನೇ ಕೊಟ್ಟಿರಿ!

ಈ ಪತ್ರ ಬರೆಯುತ್ತಿರುವಾಗ ಪರಿಮಳಾ ಹಿಂದೆ ನಿಂತು ಓದಿದಳು. "ಗುಳಿಗೆ ಕೊಟ್ಟವು ನಿಂಗನೇಯ, ಗೊಬ್ಬರ ತರ್ಸಿದವು ನಿಂಗನೇಯ. ಈಗ ಬೇರೆಯವ್ಕೆ ಬೈದ್ರೆ ಎಂತ ಬಂತು?" ಎಂದಳು. ಅವಳ ಮಾತನ್ನೂ ಇಲ್ಲೇ ಬರೆದಿದ್ದೇನೆ. ಕೈಲಾದದ್ದನ್ನು ಮಾಡಿದ್ದೇನೆ ಅಷ್ಟೇ. ಚೀಟಿ ಇಲ್ಲದೆ ಈಗ ಕೊಡುವುದಿಲ್ಲ. ಬೈಸಿಕೊಂಡಿದ್ದೇನೆ, ಗಿರಾಕಿಗಳು ಹುಲೇಕಲ್, ಶಿರಸಿ ಎಂದು ಬೇರೆ ಅಂಗಡಿ ಹುಡುಕಿಕೊಂಡಿದ್ದಾರೆ. ಕೋಳಿಗೊಬ್ಬರ ನಿಲ್ಲಿಸಿದೆ. ಬೆಟ್ಟದ ಅಂಚಿನ ಅರ್ಧ ಎಕರೆಯ ಅಡಿಕೆ ಸಸಿ ಕಿತ್ತು ಸೊಪ್ಪಿನ ಮರಗಳಾದ ಮತ್ತಿ, ಹೊನ್ನೆ ನೆಡಿಸಿದೆ. ಅದು ಸೊಪ್ಪು ಕೊಡುವ ಹೊತ್ತಿಗೆ ನಾನು ಇರುತ್ತೇನೋ ಇಲ್ಲವೋ. ಇದರಿಂದ ದೇವಿಗೆ ಏನೂ ವಾಪಸು ಬರುವುದಿಲ್ಲ ಎಂಬುದೂ ಗೊತ್ತು.

ತಮ್ಮಿಂದ ನಾನು ಕೇಳುವುದು ಕರುಣೆಯಲ್ಲ. ದೇವಿಯ ಕಡತದಿಂದ ಆ ವಾಕ್ಯವನ್ನು ಹೊಡೆದುಹಾಕಿ, ಹೊಡೆದುಹಾಕಿದ್ದೇವೆಂದು ಅವಳ ಹೆಸರಿಗೆ ಬರೆದು ತಿಳಿಸಿ. ನಮ್ಮ ತಾಲೂಕಿಗೆ ಬರುವ ಗೊಬ್ಬರದ ಲಾರಿಗಳನ್ನು ನಿಲ್ಲಿಸಿ ಪರೀಕ್ಷೆ ಮಾಡಿಸಿ, ಫಲಿತಾಂಶವನ್ನು ಪಂಚಾಯಿತಿಯ ಗೋಡೆಗೆ ಅಂಟಿಸಿ. ಕೀವಿನ ಪರೀಕ್ಷೆ ತಾಲೂಕು ಆಸ್ಪತ್ರೆಯಲ್ಲೇ ಆಗಲಿ. ಮತ್ತು ಚೀಟಿಯಿಲ್ಲದೆ ಗುಳಿಗೆ ಮಾರಿದ್ದಕ್ಕೆ ನನ್ನ ಮೇಲೆ ಕ್ರಮ ಕೈಗೊಳ್ಳಿ. ಅದನ್ನು ತಪ್ಪಿಸಿಕೊಳ್ಳಲು ನಾನು ಯಾವ ಕಚೇರಿಯನ್ನೂ ಸುತ್ತುವುದಿಲ್ಲ.

ಅವಸರ ಏಕೆಂದರೆ, ನಿನ್ನೆ ಸೋಮವಾರ ಮನ್ಮನೆ ಊರಿನ ಮಂಜ ಎಂಬಾತ ಅಂಗಡಿಗೆ ಬಂದ. ಅವನೂ ಗೊಬ್ಬರ ಹೊರುವವನು. ಅಂಗೈಯ ಗಾಯ ಕೆಂಪಾಗಿ ಮೊಣಕೈವರೆಗೆ ಗೆರೆ ಎದ್ದಿತ್ತು. ಗುಳಿಗೆ ಕೇಳಿದ. ಕೊಡುವುದಿಲ್ಲ ಎಂದೆ. "ಗುಳ್ಗೆ ಕೊಡೂಕೆ ಆಗ್ದಿದ್ರೆ ಅಂಗ್ಡಿ ಯಾಕೆ ಇಟ್ಕಂಡೀರಿ?" ಎಂದು ಸಿಟ್ಟಾದ. ಬಾಗಿಲು ಹಾಕಿ ಅವನನ್ನೂ ಕಾರಿನಲ್ಲಿ ಕೂರಿಸಿಕೊಂಡು ನೇರ ಹುಬ್ಬಳ್ಳಿಗೆ ಹೋದೆ. ಕೀವು ಪರೀಕ್ಷೆಗೆ ಹೋಗಿದೆ. ವರದಿ ನಾಡಿದ್ದು ಬರುತ್ತದೆ. ಅದರಲ್ಲಿ ಎಷ್ಟು ಆರ್, ಎಷ್ಟು ಎಸ್ ಎಂದು ನನಗೂ ಗೊತ್ತಿಲ್ಲ, ತಮಗೂ ಗೊತ್ತಿಲ್ಲ. ಅವನ ವಯಸ್ಸು ಇಪ್ಪತ್ತೊಂಬತ್ತು, ಅದು ಬಲಗೈ. ಈ ಸಲವಾದರೂ ತಮ್ಮ ಸಮಿತಿ ವರದಿ ಬರುವ ಮೊದಲೇ ಬರಲಿ.

ಇಂತಿ,
ತಪ್ಪಿನಲ್ಲಿ ಪಾಲುಳ್ಳವನು, ಕ್ರಮಕ್ಕೆ ಕಾದಿರುವವನು,
ವಿಘ್ನೇಶ್ವರ ಹೆಗಡೆ
ಔಷಧ ವ್ಯಾಪಾರಿ, ಕಾನಸೂರು