ಅಪ್ಪನ ಸ್ಕ್ಯಾನ್

ಫೆಬ್ರವರಿ 5, 2024, ಸೋಮವಾರ

ಮತ್ತೆ ಒಂದು ಲೀಟರ್ ನೀರು ಕುಡಿದು, ಮತ್ತೆ ದೊಡ್ಡಬಳ್ಳಾಪುರಕ್ಕೆ ಸ್ಕ್ಯಾನಿಂಗಿಗೆ ಹೋದೆ. ಗಾರ್ಮೆಂಟ್ಸ್‌ಗೆ ಅರ್ಧ ದಿನ ರಜೆ. ಮೂತ್ರದಲ್ಲಿ ರಕ್ತ ಹೋಗುವುದು ನಿಂತಿದೆ, ಎಡ ಪಕ್ಕೆಯ ನೋವು ಹಾಗೇ ಇದೆ. ಡಾಕ್ಟರ್ ಮನೋಹರ್ ಸ್ಕ್ರೀನನ್ನು ನನ್ನ ಕಡೆ ತಿರುಗಿಸಿದರು. ಎಡ ಕಿಡ್ನಿಯಲ್ಲಿ ನೀರುಗುಳ್ಳೆಗಳು — ದ್ರಾಕ್ಷಿ ಗೊಂಚಲಿನ ಹಾಗೆ. ಸಿ.ಟಿ. ಮಾಡಿಸಬೇಕಂತೆ.

ಫೆಬ್ರವರಿ 9, ಶುಕ್ರವಾರ

ಸಿ.ಟಿ. ಆಯಿತು. ಡೈ ಚುಚ್ಚಿದಾಗ ಮೈಯೆಲ್ಲ ಬಿಸಿ. ಗಡ್ಡೆಯಲ್ಲ. ಬಲ ಕಿಡ್ನಿ ಚೊಕ್ಕ. ಹೀಗೆ ಒಂದೇ ಕಡೆ ಗುಳ್ಳೆ ಬರುವುದು ಬಹಳ ಅಪರೂಪವಂತೆ, ಅದು ಆ ಒಂದು ಕಿಡ್ನಿಗಷ್ಟೇ ಬಂದದ್ದಾಗಿದ್ದರೆ ಭಯವಿಲ್ಲವಂತೆ. ವಂಶದಿಂದ ಬಂದದ್ದಾದರೆ ಮುಂದೆ ಎರಡೂ ಕಿಡ್ನಿ ಹೋಗಬಹುದು. ಯಾವುದೆಂದು ತಿಳಿಯಲು ಅಪ್ಪ ಅಮ್ಮ ಇಬ್ಬರ ಸ್ಕ್ಯಾನೂ ಬೇಕು. ಜೊತೆಗೆ ಬಂದಿದ್ದ ಅಮ್ಮನದು ಅಲ್ಲೇ ಮಾಡಿಸಿದೆ. ಏನೂ ಇಲ್ಲ.

ಅಪ್ಪನದು... ನನಗೆ ನಾಲ್ಕು ವರ್ಷವಿದ್ದಾಗ ಬಿಟ್ಟುಹೋದ. ಹೊಸಕೋಟೆಯಲ್ಲಿ ಬೇರೆ ಸಂಸಾರ. ಅಮ್ಮ ಫೋನ್ ನಂಬರ್ ಬರೆದುಕೊಟ್ಟಳು. ಅವಳ ಹತ್ತಿರ ಹೇಗಿತ್ತು — ಕೇಳಲಿಲ್ಲ.

ಫೆಬ್ರವರಿ 19, ಸೋಮವಾರ

ಫೋನ್ ಮಾಡಲು ಹತ್ತು ದಿನ ಬೇಕಾಯಿತು. 'ಚೈತ್ರ' ಎಂದೆ. ಯಾವ ಚೈತ್ರ ಎಂದು ಕೇಳಲಿಲ್ಲ. ಕಿಡ್ನಿಯ ವಿಷಯ ಹೇಳಿದೆ.

"ಯಾವತ್ತು ಬರ್ಬೇಕು, ಹೇಳವ್ವ," ಅಂದ.

ಫೆಬ್ರವರಿ 24, ಶನಿವಾರ

ಅಪ್ಪ ಬಂದ. ಒಂಬತ್ತಕ್ಕೆ ಹೇಳಿದ್ದೆ, ಏಳೂವರೆಗೇ ಬಂದು ಸೆಂಟರ್ ಮೆಟ್ಟಿಲ ಮೇಲೆ ಕೂತಿದ್ದನಂತೆ. ಶರ್ಟ್ ಮೇಲೆತ್ತಿ ಮಲಗಿದ. ಮುಖ ಗೋಡೆಯ ಕಡೆ. ನಾನು ಸ್ಕ್ರೀನ್ ನೋಡುತ್ತಿದ್ದೆ. ಒಂದಾದರೂ ಗುಳ್ಳೆ ಇರಲಿ ಅಂತ — ಬರೆಯಲೇ ನಾಚಿಕೆ. ಅವನದು ಅಂತ ಏನಾದರೊಂದು ನನ್ನ ಮೈಯಲ್ಲಿ ಇರಲಿ ಅನಿಸಿತು.

ಎರಡೂ ಕಿಡ್ನಿ ಚೊಕ್ಕ.

ವಂಶದ್ದಲ್ಲ, ವರ್ಷಕ್ಕೊಮ್ಮೆ ಸ್ಕ್ಯಾನ್ ಮಾಡಿಸಿದರೆ ಸಾಕು ಎಂದು ಡಾಕ್ಟರ್ ಕೈ ಕುಲುಕಿದರು. ಅಮ್ಮನಿಗೆ ಫೋನ್ ಮಾಡಿದೆ. ಅತ್ತಳು.

ಬಸ್ ಸ್ಟ್ಯಾಂಡಿನಲ್ಲಿ ಅಪ್ಪ ಕೇಳಿದ: "ನನ್ನಿಂದ ನಿಂಗೇನೂ ಬಂದಿಲ್ಲ, ಅಲ್ವೇನವ್ವ?"

ಇಲ್ಲ ಎಂದೆ.

"ಒಳ್ಳೇದಾಯ್ತು ಬಿಡು."

ಹೊಸಕೋಟೆ ಬಸ್ ಬಂತು, ಅವನು ಹತ್ತಲಿಲ್ಲ. ಇನ್ನೊಂದನ್ನೂ ಬಿಟ್ಟ. ಮೂರನೆಯದು ಬಂದಾಗ ನಾನೇ 'ಹತ್ತು' ಎಂದೆ. ಯಾಕೆ ಹೇಳಿದೆನೋ.

ಮಾರ್ಚ್ 17, ಭಾನುವಾರ

ನೋವು ಕಡಿಮೆ. ಮೂರು ವಾರದಿಂದ ಅವನ ಫೋನಿಲ್ಲ. ನಾನೂ ಮಾಡಿಲ್ಲ. ಇನ್ನು ಅವನ ಸ್ಕ್ಯಾನ್ ಬೇಕಿಲ್ಲ, ಕರೆಯಲು ನೆಪವೂ ಇಲ್ಲ. ಬೆಳಿಗ್ಗೆಯಿಂದ ಮೆಸೇಜ್ ಟೈಪ್ ಮಾಡಿ ಅಳಿಸುತ್ತಿದ್ದೇನೆ. ಮೊದಲು ಇಲ್ಲಿ ಬರೆದು ನೋಡುತ್ತೇನೆ, ಆಮೇಲೆ ಕಳಿಸುವುದು.

ಅಪ್ಪ, ಬರುವ ಫೆಬ್ರವರಿಗೆ ನನ್ನ ಸ್ಕ್ಯಾನ್ ಇದೆ. ಒಬ್ಬಳೇ ಹೋಗಬಲ್ಲೆ. ಆದರೂ ನೀನು ಬಂದು ಸುಮ್ಮನೆ—