ಮೇಲಿನ ಸಾಲಿಗೂ ನೀರು ಹಾಕು

ಎಲೋಯ್,

ನೀನು ಏಳುವಷ್ಟರಲ್ಲಿ ನಾನೂ ನನ್ನ ತಂಗಿ ರೆಮೆಡಿಯೋಸಳೂ ಬೆಟ್ಟ ದಾಟಿ ಮಾಲಗಾದ ಸಮುದ್ರದ ಹತ್ತಿರ ಇರುತ್ತೇವೆ. ಹೌದು, ಕೊರ್ಡೊಬದ ಅಂಗಳದ ಹಬ್ಬ ಇವತ್ತೇ ಶುರು. ಊರಿಗೆ ಊರೇ ನಮ್ಮ ಅಂಗಳದ ಹೂ ನೋಡಲು ಬರುತ್ತದೆ. ಗೊತ್ತಿದ್ದೇ ಹೊರಟೆ.

ಗೋಡೆಯ ಕುಂಡಗಳಿಗೆ ನೀರು ಹಾಕುವ ಉದ್ದ ಕೋಲು ಬಾವಿಯ ಪಕ್ಕದಲ್ಲಿದೆ. ತುದಿಗೆ ಕಟ್ಟಿದ ಡಬ್ಬಿಯನ್ನು ಕಂಠಪೂರ್ತಿ ತುಂಬಿಸಬೇಡ, ಎತ್ತಿದಾಗ ನೀರೆಲ್ಲ ನಿನ್ನ ತೋಳಿನ ಮೇಲೇ ಇಳಿಯುತ್ತದೆ. ಕೆಳಗಿನ ಸಾಲಿಗೆ ಮಾತ್ರ ಹಾಕಿ ಜಾರಿಕೊಳ್ಳಬೇಡ.

ತಣ್ಣನೆಯ ಟೊಮೆಟೊ ಸಾರು ಫ್ರಿಜ್ಜಿನಲ್ಲಿದೆ. ನಾಳೆಯದು ನೀನೇ ಮಾಡಿಕೋ.

ನೀನು ಪ್ರತಿ ವರ್ಷವೂ "ಹಬ್ಬ ಮುಗೀಲಿ, ಹೋಗೋಣ ಕಣೇ" ಅನ್ನುತ್ತಿದ್ದೆ. ಮುಗಿದ ಮೇಲೆ "ಅಯ್ಯೋ, ಈ ಬಿಸಿಲಲ್ಲಿ ಹೂ ಬಿಟ್ಟು ಹೋಗೋದಾ? ಸಮುದ್ರ ಎಲ್ಲಿಗೂ ಓಡಿಹೋಗಲ್ಲ" ಅಂತ ನಗುತ್ತಿದ್ದೆ. ನಿಜ, ಅದು ಓಡಲಿಲ್ಲ. ನಾನೇ ಓಡಿದ್ದೇನೆ.

ಬಂದವರು "ಇಷ್ಟು ಚೆಂದ ಯಾರ್ರೀ ನೋಡ್ಕೊಳ್ಳೋದು?" ಅಂತ ಕೇಳಿದಾಗ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು "ನಾವೇ" ಅನ್ನುತ್ತೀಯಲ್ಲ, ಈ ಸಲವೂ ಹಾಗೇ ಹೇಳು. ಹೇಳುವಾಗ ತೋಳು ಒದ್ದೆಯಾಗಿರಲಿ.

ನಿನ್ನ ಹೆಂಡತಿ,
ಫುಎನ್ಸಾಂತಾ